ಪ್ರತಿಕ್ರಿಯೆ: ಗಾನವೃಂದವನ್ನು ಬಿಡುವ ಅಗತ್ಯವಿಲ್ಲ

ಗಾನವೃಂದವನ್ನು ಬಿಟ್ಟುಬಿಡಲೇ ಎಂದು ನೀವು ಬರೆದು ಕೇಳಿದ್ದೀರಿ. ದಾವಣಗೆರೆಯ ನಿಮ್ಮ ಚರ್ಚಿನ ಸಭೆಯಲ್ಲಿ ಈ ಸಲದ ಕ್ರಿಸ್‌ಮಸ್ ಹಾಡನ್ನು ಇನ್ನೊಬ್ಬರಿಗೆ ಕೊಟ್ಟಾಗ ನಿಮಗೆ ನಿದ್ದೆ ಬಾರದೆ ಹೋದದ್ದಕ್ಕೆ ಕಾರಣ, ನನಗೆ ತೋರುವಂತೆ, ಹಾಡುವ ಆಸೆಯಲ್ಲ. ಹೊಗಳಿದವರಿಗೆಲ್ಲ ‘ನನ್ನದೇನೂ ಇಲ್ಲ’ ಎನ್ನುತ್ತ, ಆ ವಿನಯಕ್ಕೂ ಮತ್ತೊಂದು ಹೊಗಳಿಕೆ ಬರಲೆಂದು ಒಳಗೊಳಗೇ ಕಾಯುವ ಅಭ್ಯಾಸ. ಬೈಬಲಿನ ಲೂಕನ ಸುವಾರ್ತೆಯ 18ನೆಯ ಅಧ್ಯಾಯದ ಫರಿಸಾಯನೂ (ಧರ್ಮನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು) ಪ್ರಾರ್ಥನೆಯನ್ನು ದೇವರ ಸ್ತೋತ್ರದಿಂದಲೇ ಆರಂಭಿಸಿದವನು. ಕೆಡುಕು ಇದ್ದದ್ದು ಸ್ತೋತ್ರದಲ್ಲಲ್ಲ, ‘ಇವನಂತೆ ನಾನಲ್ಲ’ ಎನ್ನುತ್ತ, ದೂರದಲ್ಲಿ ನಿಂತಿದ್ದ ಸುಂಕದವನ (ಜನ ಪಾಪಿಯೆಂದು ಕಾಣುತ್ತಿದ್ದ ತೆರಿಗೆ ವಸೂಲಿಗಾರನ) ಕಡೆಗೆ ಹೊರಳಿದ ಕಣ್ಣಿನಲ್ಲಿ.

ಆದ್ದರಿಂದ ಗಾನವೃಂದವನ್ನು ಬಿಡಬೇಡಿ. ಬಿಟ್ಟರೆ ಯಾರಾದರೂ ಬಂದು ಕರೆಯಲಿ ಎಂದು ಕಾಯುತ್ತ ಕೂರುವಿರಿ. ನಾನು ಹಾಗೆ ಎರಡು ತಿಂಗಳು ಕಾದವನು.

ಮೊದಲಿಗೆ, ಈ ಭಾನುವಾರ ಯಾರಾದರೂ ಹೊಗಳಿದರೆ ‘ಸಂತೋಷ’ ಎಂದಷ್ಟೇ ಹೇಳಿ ಸುಮ್ಮನಾಗಿ. ಆಮೇಲೆ, ಹಾಡು ಪಡೆದವರು ಒಪ್ಪುವುದಾದರೆ, ಚರಣದ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ನೀವು ಕಂಡುಕೊಂಡದ್ದನ್ನು ಅವರಿಗೆ ಹೇಳಿಕೊಡಿ. ಇದು ಕಷ್ಟದ ಹೆಜ್ಜೆ, ಗಂಟಲು ಕಟ್ಟಿದರೂ ಮಾಡಿ. ಜೊತೆಗೆ ಕಣ್ಣಿಗೆ ಬೀಳದ ಒಂದು ಕೆಲಸವನ್ನು ಹಿಡಿಯಿರಿ. ಚಿತ್ರದುರ್ಗದ ನಮ್ಮ ಸಭೆಯ ಊಟದ ನಂತರ ಸಾರಿನ ಜಿಡ್ಡು ಹತ್ತಿದ ಪಾತ್ರೆಗಳನ್ನು ಹಿತ್ತಲಲ್ಲಿ ತಿಕ್ಕುವುದು ನನಗೆ ನೆರವಾಯಿತು, ಆದರೆ ಆಗಲೂ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬಾಗಿಲಿನತ್ತ ತಿರುಗಿದ್ದುಂಟು.

ನಿಮ್ಮ ನೋವು ಗರ್ವದಿಂದ ಬಂದದ್ದೋ, ಒಂದು ಮಾತೂ ಹೇಳದೆ ನಿಮ್ಮನ್ನು ಬದಲಾಯಿಸಿದ್ದರಿಂದ ಬಂದದ್ದೋ ಎಂಬುದು ನಿಮ್ಮ ಬರಹದಿಂದ ಖಚಿತವಾಗುವುದಿಲ್ಲ. ಎರಡನೆಯದಾದರೆ ಮುಂದಿನ ಅಭ್ಯಾಸಕ್ಕೆ ಮೊದಲೇ ಸಭಾಪಾಲಕರನ್ನು ಒಬ್ಬರೇ ಭೇಟಿಯಾಗಿ ನೇರವಾಗಿ ಕೇಳಿ.