ಕೊಬ್ಬು ಎಷ್ಟು ಉರಿಯಿತೆಂದು ಉಸಿರಿನಲ್ಲಿ ಅಳೆಯುವುದು ಹೇಗೆ?

ಕುಕ್ಕರಹಳ್ಳಿ ಕೆರೆ ಸುತ್ತಿ ಬಂದರೆ ಕೈಗಡಿಯಾರ ಇಷ್ಟು ಕೊಬ್ಬು ಕರಗಿತು ಎಂದು ತೋರಿಸುತ್ತದೆ, ನಂಬಬಹುದೇ ಎಂದು ಕೇಳಿದ್ದೀರಿ. ವಿಜ್ಞಾನಿಗಳು ಐಸೊಟೋಪು (ಒಂದೇ ಮೂಲವಸ್ತುವಿನ, ತೂಕ ಮಾತ್ರ ಬೇರೆಯಾದ ಪರಮಾಣು) ಬಳಸುತ್ತಾರಂತೆ, ಅದು ಅಪಾಯವಲ್ಲವೇ ಎಂಬ ಅಳುಕೂ ನಿಮಗಿದೆ. ಮೈಸೂರಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದು ತೀರಾ ಇಷ್ಟದ ವಿಷಯ.

ಗಡಿಯಾರ ನೋಡುವುದು ನಾಡಿಬಡಿತ ಮತ್ತು ಚಲನೆಯನ್ನು. ಉಳಿದದ್ದು ಅಂದಾಜು. ಇನ್ನು ಅಪಾಯದ ಮಾತು: ಇಲ್ಲಿ ಹೆಚ್ಚಾಗಿ ಬಳಸುವ ಇಂಗಾಲ-13 ವಿಕಿರಣ ಸೂಸುವುದಿಲ್ಲ. ಸಾಮಾನ್ಯ ಇಂಗಾಲಕ್ಕಿಂತ ತುಸು ಭಾರ, ಅಷ್ಟೇ. ನಾವು ಉಣ್ಣುವ ಅನ್ನದ ಇಂಗಾಲದಲ್ಲೂ ಶೇ 1.1ರಷ್ಟು ಅದೇ ಇದೆ.

ರಾತ್ರಿಯಿಡೀ ಉಪವಾಸವಿದ್ದವರ ಒಂದು ಕೈಯ ರಕ್ತನಾಳಕ್ಕೆ, ಇಂಗಾಲ-13ರ ಗುರುತು ಹೊತ್ತ ಪಾಮಿಟಿಕ್ ಆಮ್ಲ ಎಂಬ ಕೊಬ್ಬಿನಾಮ್ಲವನ್ನು ಅಲ್ಬುಮಿನ್ ಪ್ರೋಟೀನಿನೊಂದಿಗೆ ಬೆರೆಸಿ ನಿಧಾನವಾಗಿ ಹರಿಸುತ್ತಾರೆ. ಇನ್ನೊಂದು ಕೈ ಬೆಚ್ಚಗಿನ ಪೆಟ್ಟಿಗೆಯೊಳಗಿರುತ್ತದೆ. ಶಾಖಕ್ಕೆ ರಕ್ತ ರಭಸದಿಂದ ಹರಿದು, ಅಲ್ಲಿನ ಅಭಿಧಮನಿಯ ರಕ್ತ ಬಹುಮಟ್ಟಿಗೆ ಅಪಧಮನಿಯ ರಕ್ತದಂತೆಯೇ ಆಗುತ್ತದೆ. ಆ ಕೈಯಿಂದ ಆಗಾಗ ಮಾದರಿ ತೆಗೆಯುತ್ತಾರೆ. ಗುರುತಿನ ಆಮ್ಲ ರಕ್ತದಲ್ಲಿ ಎಷ್ಟು ತೆಳುವಾಗಿದೆ ಎಂಬುದರಿಂದ, ದೇಹದ ಸ್ವಂತ ಕೊಬ್ಬಿನಾಮ್ಲ ಯಾವ ವೇಗದಲ್ಲಿ ಬಂದು ಸೇರುತ್ತಿದೆ ಎಂಬ ಲೆಕ್ಕ ಸಿಗುತ್ತದೆ.

ಹಾಗೆ ಹೊರಬಂದದ್ದೆಲ್ಲ ಉರಿಯುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಕೊಬ್ಬಿನ ಒಂದು ಅಣು ಒಡೆದರೆ ಮೂರು ಕೊಬ್ಬಿನಾಮ್ಲ, ಒಂದು ಗ್ಲಿಸರಾಲ್. ಆಮ್ಲಗಳಲ್ಲಿ ಒಂದಷ್ಟು ಮತ್ತೆ ಜೋಡಣೆಗೊಂಡು ಕೊಬ್ಬಾಗಿಬಿಡುತ್ತವೆ. ತಿಂದ ಕೊಬ್ಬು ಬಹುಪಾಲು ಮೊದಲು ಸಂಗ್ರಹಕ್ಕೇ ಹೋಗುತ್ತದೆ ಎಂದು 1935ರಲ್ಲೇ ವಿಜ್ಞಾನಿಗಳಾದ ಶೋನ್‌ಹೈಮರ್ ಮತ್ತು ರಿಟನ್‌ಬರ್ಗ್ ಡ್ಯುಟೀರಿಯಂ (ಭಾರದ ಜಲಜನಕ) ಗುರುತು ಹಾಕಿ ಇಲಿಗಳಲ್ಲಿ ತೋರಿಸಿದ್ದರು. ಆದ್ದರಿಂದ ಉರಿದದ್ದನ್ನು ತಿಳಿಯಲು ಉಸಿರನ್ನೇ ಹಿಡಿಯಬೇಕು. ಗುರುತಿನ ಇಂಗಾಲ ಇಂಗಾಲದ ಡೈಆಕ್ಸೈಡ್ ಆಗಿ ಹೊರಬಿದ್ದರೆ ಮಾತ್ರ ಅದು ಉರಿದಂತೆ. ಅದರಲ್ಲೂ ಸ್ವಲ್ಪ ಪಾಲು ದೇಹದೊಳಗೇ ಉಳಿಯುತ್ತದೆ. ಅಸಿಟೇಟ್ ಎಂಬ ಪುಟ್ಟ ಅಣುವಿಗೆ ಗುರುತು ಹಾಕಿ ಬೇರೆಯೇ ಪರೀಕ್ಷೆ ನಡೆಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತಾರೆ. ಸ್ನಾಯುವಿನೊಳಗೇ ಇರುವ ಕೊಬ್ಬು ಉರಿದರೆ ಈ ಗುರುತಿಗೆ ಸಿಗುವುದಿಲ್ಲ. ಹಾಗಾಗಿ ಸೇದಿದ ಆಮ್ಲಜನಕ, ಬಿಟ್ಟ ಇಂಗಾಲದ ಡೈಆಕ್ಸೈಡ್ ಎರಡನ್ನೂ ಅಳೆಯುತ್ತಾರೆ: ಬಿಟ್ಟ ಇಂಗಾಲದ ಡೈಆಕ್ಸೈಡನ್ನು ಸೇದಿದ ಆಮ್ಲಜನಕದಿಂದ ಭಾಗಿಸಿದರೆ, ಬರೀ ಕೊಬ್ಬು ಉರಿದಾಗ ಸುಮಾರು 0.7, ಬರೀ ಸಕ್ಕರೆ ಉರಿದಾಗ 1.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ, ನನಗೆ ಅತ್ಯಂತ ಸೋಜಿಗವೆನಿಸುವುದು ಇದೇ. ಕಬ್ಬು, ರಾಗಿ, ಜೋಳ ಗಾಳಿಯಿಂದ ಇಂಗಾಲ ಹೀರುವ ರೀತಿ ಭತ್ತದ ರೀತಿಯಲ್ಲ. ಅವುಗಳಲ್ಲಿ ಇಂಗಾಲ-13ರ ಪಾಲು ಸ್ವಲ್ಪ ಹೆಚ್ಚು. ಮಂಡ್ಯದ ಬೆಲ್ಲ, ರಾಗಿಮುದ್ದೆ ಉಂಡು ಬೆಳೆದವರ ಉಸಿರಿನಲ್ಲಿ ಗುರುತು ಹಾಕುವ ಮೊದಲೇ ಅದು ತುಸು ಹೆಚ್ಚಿರುತ್ತದೆ. ವ್ಯತ್ಯಾಸ ಅತ್ಯಲ್ಪ, ಆದರೆ ಉಪಕರಣಕ್ಕೆ ಕಾಣುವಷ್ಟಿದೆ. ಅದಕ್ಕೇ ಶುರುವಿಗೆ ಮುನ್ನ ಒಂದು ಉಸಿರಿನ ಮಾದರಿ ತೆಗೆದಿಡುತ್ತಾರೆ, ಹಿಂದಿನ ದಿನಗಳ ಊಟವನ್ನೂ ವಿಚಾರಿಸುತ್ತಾರೆ. ನೀವು ಎಂದಾದರೂ ಇಂಥ ಅಧ್ಯಯನಕ್ಕೆ ಹೆಸರು ಕೊಟ್ಟರೆ, ಬೆಲ್ಲದ ಕಾಫಿಯನ್ನೂ ಬಿಡದೆ ಹೇಳಿ.