ಆ ವಾಚ್ ಯಾಕೆ ಬಿಚ್ಚಿಸಿದರು?

ನಮಸ್ಕಾರ,

ಸಕಲೇಶಪುರದಿಂದ ನೀವು ಕಳಿಸಿದ ‘ಫ್ಯಾಷನ್ ಫೋಟೋಗಳಲ್ಲಿ ಬುಡಕಟ್ಟು ವೈಭವ’ ಲೇಖನವನ್ನು ಎರಡು ಸಲ ಓದಿದೆ. ಇದ್ದ ಹಾಗೇ ಹಾಕಲು ಆಗುವುದಿಲ್ಲ. ಪಕ್ಕಕ್ಕಿಡಲೂ ಮನಸ್ಸು ಬರಲಿಲ್ಲ. ಅದಕ್ಕೇ ಈ ಕಾಗದ.

ಮೊದಲ ಒಂದೂವರೆ ಪುಟ ಬೇಲೂರಿನ ದರ್ಪಣ ಸುಂದರಿಗೆ ಹೋಗಿದೆ. ನಮ್ಮ ಹಾಸನದ ಕಡೆಯವರು ಆಲೂಗಡ್ಡೆ ಬೆಳೆ ಬಗ್ಗೆ ಬರೆದರೂ ಶಿಲಾಬಾಲಿಕೆಯನ್ನು ಒಮ್ಮೆ ಮಾತಾಡಿಸದೆ ಮುಂದೆ ಹೋಗುವುದಿಲ್ಲ. ನಾನೂ ಮಾಡಿದ್ದೇನೆ, ಬಿಡಿ. ಆದರೆ ಅದನ್ನು ಪೂರ್ತಿ ತೆಗೆಯಿರಿ.

ಆಮೇಲೆ ‘ವೋಗ್ ಮುಖಪುಟದಲ್ಲಿ ಮಿಂಚಿದ ಬುಡಕಟ್ಟು ಅಜ್ಜಿ’ ಅಂತ ಒಂದು ಸಾಲು. ಯಾವ ಅಜ್ಜಿ? ಯಾವ ದೇಶ? ಆ ಅಜ್ಜಿಗೆ ಹೆಸರಿದೆ, ಅಪೋ ವಾಂಗ್-ಓಡ್. ಫಿಲಿಪ್ಪೀನ್ಸ್‌ನ ಕಳಿಂಗ ಪ್ರಾಂತ್ಯದಲ್ಲಿ ಬುಸ್ಕಲಾನ್ ಎಂಬ ಬೆಟ್ಟದೂರಿನವರು. 2023ರ ಏಪ್ರಿಲ್‌ನಲ್ಲಿ ವೋಗ್ ಫಿಲಿಪ್ಪೀನ್ಸ್ ಎಂಬ ಫ್ಯಾಷನ್ ಪತ್ರಿಕೆಯ ಮುಖಪುಟಕ್ಕೆ ಬಂದಾಗ ಅವರಿಗೆ 106 ವರ್ಷ. ಹಚ್ಚೆ ಹಾಕುವುದು ಅವರ ಕಸುಬು. ನಿಂಬೆ ಜಾತಿಯ ಗಿಡದ ಮುಳ್ಳು, ಮಸಿ, ನೀರು, ಕುಟ್ಟಲು ಒಂದು ಕೋಲು, ಅಷ್ಟೇ ಸಾಮಾನು. ಇದನ್ನು ಓದಿದ ಕೂಡಲೇ ನಮ್ಮ ಓದುಗರಿಗೆ ಮುಂಗೈ ತುಂಬ ಹಸಿರು ಹಚ್ಚೆ ಇದ್ದ ತಮ್ಮ ಅಜ್ಜಿಯೇ ನೆನಪಾಗುತ್ತಾರೆ, ಅಲ್ವಾ? ನೀವು ‘ವೈಭವ’, ‘ಸೊಬಗು’, ‘ಅನನ್ಯ’ ಅಂತ 11 ಕಡೆ ಬರೆದಿದ್ದೀರಿ. ಸುಮ್ನೆ ಎಣಿಸಿದೆ. ಆ ಒಂದು ಮುಳ್ಳು ಮಾಡುವ ಕೆಲಸವನ್ನು ಹನ್ನೊಂದೂ ಸೇರಿ ಮಾಡಿಲ್ಲ.

ಲಂಬಾಣಿ, ಹಸಲರು, ಹಕ್ಕಿಪಿಕ್ಕಿ ಎಲ್ಲರನ್ನೂ ‘ಕಾಡಿನ ಮಕ್ಕಳು’ ಅಂದುಬಿಟ್ಟಿದ್ದೀರಿ. ಲಂಬಾಣಿಗಳು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ಊರೂರು ಸುತ್ತಿದವರು. ಇದನ್ನು ತಿದ್ದಿ.

ಈಗ ನಾಲ್ಕನೇ ಪುಟದ ಕೊನೆಗೆ ಬನ್ನಿ. ಕೊಪ್ಪದ ಹತ್ತಿರ ಒಂದು ಕಾಫಿ ತೋಟ. ಗೆಳತಿಯ ಜೊತೆ ನೀವು ಫೋಟೋ ಶೂಟ್ ನೋಡಲು ಹೋಗಿದ್ದಿರಿ. ತೋಟದಲ್ಲಿ ಕೆಲಸ ಮಾಡುತ್ತಿದ್ದ ಹಸಲರ ಹೆಂಗಸೊಬ್ಬರನ್ನು ಕರೆದು ನಿಲ್ಲಿಸಿದರು. ಸೀರೆ ಮೇಲೆ ಹಾಕಿಕೊಂಡಿದ್ದ ತುಂಬುತೋಳಿನ ಶರ್ಟು ತೆಗೆಸಿದರು. ಎಲ್ಲಿಂದಲೋ ತಂದಿದ್ದ ಮಣಿಸರ ಹಾಕಿದರು. ‘ಅಕ್ಕಾ, ವಾಚ್ ಬಿಚ್ಚಿ’ ಅಂದರು. ಇಷ್ಟು ಬರೆದು, ‘ಚಿತ್ರಗಳು ಅದ್ಭುತವಾಗಿ ಬಂದವು’ ಅಂತ ಮುಂದಕ್ಕೆ ಹೋಗಿಬಿಟ್ಟಿರಲ್ಲ!

ಅಮೆರಿಕದ ಎಡ್ವರ್ಡ್ ಕರ್ಟಿಸ್ ಅಲ್ಲಿನ ಮೂಲನಿವಾಸಿಗಳ ಫೋಟೋ ತೆಗೆದು, 1907ರಿಂದ 1930ರವರೆಗೆ 20 ಸಂಪುಟ ತಂದವರು. 1910ರ ಒಂದು ಫೋಟೋದಲ್ಲಿ ಪೀಗನ್ ಜನಾಂಗದ ಇಬ್ಬರು ಗಂಡಸರು ಗುಡಾರದೊಳಗೆ ಕೂತಿದ್ದಾರೆ. ಅವರ ನಡುವೆ ಒಂದು ಗಡಿಯಾರ ಇತ್ತು. ಅಚ್ಚಾದ ಚಿತ್ರದಲ್ಲಿ ಗಡಿಯಾರ ಇಲ್ಲ, ಅಳಿಸಿದ್ದಾರೆ. ‘ಹಳೇ ಕಾಲದ ಜನ’ ಅಂತ ತೋರಿಸಬೇಕು, ಪಕ್ಕದಲ್ಲಿ ಗಡಿಯಾರ ಟಿಕ್ ಟಿಕ್ ಅಂದರೆ ಹೇಗೆ? ನೂರು ವರ್ಷ ದಾಟಿದೆ. ಕೊಪ್ಪದ ತೋಟದಲ್ಲಿ ಇನ್ನೂ ವಾಚ್ ಬಿಚ್ಚಿಸುತ್ತಿದ್ದಾರೆ. ನೀವು ಅದನ್ನು ಕಣ್ಣಾರೆ ಕಂಡಿದ್ದೀರಿ. ಲೇಖನ ಅಲ್ಲಿಂದಲೇ ಶುರುವಾಗಲಿ.

ಹಾಗಂತ ಬರೀ ಬೈಯಬೇಡಿ. ಅಮೆರಿಕದ್ದೇ ಮೂಲನಿವಾಸಿಗಳಾದ ಚೆಮೆಹುವೆವಿ ಜನಾಂಗದ ಫೋಟೋಗ್ರಾಫರ್ ಕಾರಾ ರೊಮೆರೊ ಅವರ ಚಿತ್ರಗಳನ್ನೂ ನೋಡಿ. ಒಂದು ಸರಣಿಯಲ್ಲಿ ಮೂಲನಿವಾಸಿ ಹೆಂಗಸರನ್ನು ಆಳೆತ್ತರದ ಗೊಂಬೆ ಪೆಟ್ಟಿಗೆಯಲ್ಲಿ ನಿಲ್ಲಿಸಿದ್ದಾರೆ, ಸುತ್ತ ಅವರವರ ಸಾಮಾನು ಜೋಡಿಸಿ. ಅಂಗಡಿ ಗೊಂಬೆಯನ್ನೇ ಗೇಲಿ ಮಾಡುವ ಚಿತ್ರಗಳು ಅವು. ಚೆಂದವೂ ಇವೆ.

ಕಾಫಿ ಕೊಯ್ಲು ಶುರುವಾದರೆ ಆ ಅಕ್ಕ ಮಾತಿಗೆ ಸಿಗುವುದು ಕಷ್ಟ. ಅಷ್ಟರಲ್ಲಿ ಕೊಪ್ಪಕ್ಕೆ ಹೋಗಿಬನ್ನಿ. ಅವತ್ತು ಎಷ್ಟು ಕೊಟ್ಟರು, ಅವರಿಗೇ ಬಿಟ್ಟಿದ್ದರೆ ಏನು ಉಟ್ಟುಕೊಳ್ಳುತ್ತಿದ್ದರು ಅಂತ ಕೇಳಿ. ಹೆಸರು ಹಾಕಬಹುದಾ ಅಂತಲೂ ಕೇಳಿ, ಬೇಡ ಅಂದರೆ ಬೇಡ. 800 ಪದ ಸಾಕು. ಹೋಗುವಾಗ ಫೋಟೋದ ಒಂದು ಪ್ರಿಂಟ್ ತೆಗೆದುಕೊಂಡು ಹೋಗಿ. ಅವರು ಅದನ್ನು ಇನ್ನೂ ನೋಡಿರಲಿಕ್ಕಿಲ್ಲ.

ಸಂಪಾದಕ,
ಹಾಸನ