ಲೆಸ್ಟರ್‌ನಲ್ಲಿ ಹೊಲಿದ ಬಟ್ಟೆಗೆ ಡಬ್ಲಿನ್‌ನಲ್ಲಿ ಸುಂಕ ಯಾಕೆ?

ಬ್ರೆಕ್ಸಿಟ್ ಆಗಿ ಬ್ರಿಟನ್ ಐರೋಪ್ಯ ಒಕ್ಕೂಟ (ಇಯು) ಬಿಟ್ಟಮೇಲೂ ಎರಡರ ನಡುವೆ ಸುಂಕ ಇಲ್ಲ ಅಂತಾರೆ, ಹಾಗಿದ್ದರೆ 'ಮೇಡ್ ಇನ್ ಯುಕೆ' ಲೇಬಲ್ ಇದ್ದ 200 ಯೂರೋ ಸೂಟಿಗೆ ಇಯು ಸದಸ್ಯ ಐರ್ಲೆಂಡಿನ ಡಬ್ಲಿನ್‌ನಲ್ಲಿ 12% ಸುಂಕ ಯಾಕೆ ಹಾಕಿದರು ಅಂತ ಕೇಳಿದ್ದೀರಿ. ನಾನು ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಒಂದು ಸಗಟು ಬಟ್ಟೆ ವ್ಯಾಪಾರದ ಕಸ್ಟಮ್ಸ್ ಕಾಗದ ನೋಡಿಕೊಳ್ಳುತ್ತೇನೆ. ದಿನಾ ಇದೇ ತಲೆನೋವು.

2021ರ ಜನವರಿ 1ರಿಂದ ನಡೆಯುತ್ತಿರುವ ಬ್ರಿಟನ್-ಇಯು ವ್ಯಾಪಾರ ಒಪ್ಪಂದದಲ್ಲಿ ಸೊನ್ನೆ ಸುಂಕ ಇರುವುದು ಬ್ರಿಟನ್‌ನಿಂದ ಹೊರಟ ಮಾಲಿಗಲ್ಲ, ಅಲ್ಲಿ ಹುಟ್ಟಿದ ಮಾಲಿಗೆ. ಹುಟ್ಟಿದ್ದು ಅಂದರೆ ಏನು ಅನ್ನುವುದಕ್ಕೆ ಒಂದೊಂದು ಮಾಲಿಗೂ ಒಂದೊಂದು ನಿಯಮ. ನೇಯ್ದ ಬಟ್ಟೆಯ ಉಡುಪಾದರೆ ಸಾಮಾನ್ಯವಾಗಿ ನೇಯ್ಗೆ, ಹೊಲಿಗೆ ಎರಡೂ ಬ್ರಿಟನ್ ಅಥವಾ ಇಯು ಒಳಗೇ ಆಗಿರಬೇಕು. ಸೂರತ್‌ನಿಂದ ಬಟ್ಟೆ ತರಿಸಿ ಇಲ್ಲಿ ಕತ್ತರಿಸಿ ಹೊಲಿದರೆ ಸಾಲದು. ಲೇಬಲ್ ಸುಳ್ಳಲ್ಲ, ಹೊಲಿದದ್ದು ಇಲ್ಲೇ. ಆದರೆ ಲೇಬಲ್ ಇರುವುದು ಕೊಳ್ಳುವವರಿಗೆ, ಸುಂಕದವರ ಲೆಕ್ಕವೇ ಬೇರೆ.

ಅಕ್ಕಿಯದೂ ಇದೇ ಕಥೆ. ಭಾರತದ ಕಂದು ಬಾಸ್ಮತಿಯನ್ನು ಇಂಗ್ಲೆಂಡಿನ ಗಿರಣಿಯಲ್ಲಿ ಪಾಲಿಶ್ ಮಾಡಿ ಚೀಲಕ್ಕೆ ತುಂಬಿದರೂ ಅದು ಬ್ರಿಟನ್ ಅಕ್ಕಿ ಆಗುವುದಿಲ್ಲ. ಪಾಲಿಶ್ ಮಾಡುವುದು, ಸುಮ್ನೆ ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು ಇವ್ಯಾವುದೂ ಲೆಕ್ಕಕ್ಕಿಲ್ಲ ಅಂತ ಒಪ್ಪಂದದಲ್ಲೇ ಬರೆದಿದೆ. ಇನ್ನೂ ವಿಚಿತ್ರ ಅಂದರೆ, ಜರ್ಮನಿಯಲ್ಲಿ ತಯಾರಾಗುವ ಪರ್ಸಿ ಪಿಗ್ ಮಿಠಾಯಿ ಬ್ರಿಟನ್‌ಗೆ ಬಂದು ಹಾಗೇ ಐರ್ಲೆಂಡಿಗೆ ಹೋದರೆ ಅದಕ್ಕೂ ಸುಂಕ ಬೀಳಬಹುದು ಅಂತ 2021ರ ಶುರುವಿನಲ್ಲೇ ಅದನ್ನು ಮಾರುವ ಬ್ರಿಟನ್‌ನ ಅಂಗಡಿ ಸರಣಿ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಹೇಳಿತ್ತು. ಹುಟ್ಟಿದ್ದು ಇಯು ಒಳಗೇ, ಆದರೆ ಬ್ರಿಟನ್‌ನಲ್ಲಿ ಅದಕ್ಕೆ ಏನೂ ಮಾಡಿಲ್ಲ, ಹಾಗಾಗಿ ಬ್ರಿಟನ್ ಮಾಲು ಅಲ್ಲ!

ಆ ವರ್ಷ ನಮ್ಮ ಒಂದು ಲೋಡ್ ಕೂಡ ಡಬ್ಲಿನ್ ಬಂದರಿನಲ್ಲಿ ಸಿಕ್ಕಿಕೊಂಡಿತು. ಸುಂಕ ಇಲ್ಲ ಅಂತ ಸಾಗಣೆ ಏಜೆಂಟ್ ಹೇಳಿದ್ದನ್ನು ನಂಬಿದ್ದೆವು, ಬಟ್ಟೆ ಎಲ್ಲಿ ನೇಯ್ದದ್ದು ಅಂತ ಯಾರೂ ಕೇಳಿರಲಿಲ್ಲ. ದೊಡ್ಡ ಕಂಪನಿಗಳು ಇದಕ್ಕೇ ಜನ ಇಟ್ಟುಕೊಳ್ಳುತ್ತವೆ, ನಾಲ್ಕು ಹೊಲಿಗೆ ಮಷೀನ್ ಇಟ್ಟುಕೊಂಡವರು ಏನು ಮಾಡಬೇಕು? ನನಗೆ ಇದು ಅನ್ಯಾಯ ಅನಿಸುತ್ತದೆ.

ನೀವೀಗ ಮಾಡಬೇಕಾದ್ದು ಇಷ್ಟು: ಬಟ್ಟೆ ಎಲ್ಲಿ ನೇಯ್ದದ್ದು ಅಂತ ಅಂಗಡಿಯವರನ್ನು ಕೇಳಿ. ಬ್ರಿಟನ್ ಅಥವಾ ಇಟಲಿ ಅಂದರೆ, ಬಿಲ್ ಮೇಲೆ ಮೂಲದ ಹೇಳಿಕೆ, ಅಂದರೆ ಮಾಲು ಎಲ್ಲಿ ಹುಟ್ಟಿದ್ದು ಅನ್ನುವ ಮಾತು, ಬರೆದುಕೊಡಲಿ. ಅದನ್ನಿಟ್ಟು ಮಾಲು ಬಂದ 3 ವರ್ಷದೊಳಗೆ ಸುಂಕ ವಾಪಸ್ ಕೇಳಬಹುದು. ವ್ಯಾಟ್ ಮಾತ್ರ ಹೇಗಿದ್ದರೂ ಕಟ್ಟಲೇಬೇಕು.